ಬಂಡ್ರಿ ಈರಮ್ಮನ ಅಪ್ಪನ ಮುಖ

ಕೋವಿಡ್ ಕಳೆದ ಮರುವರ್ಷದ ಬೇಸಿಗೆ. ಹೊಸಪೇಟೆ ಬಸ್ ಸ್ಟ್ಯಾಂಡ್ ಹತ್ತಿರದ ನನ್ನ ಫೋಟೋ ಸ್ಟುಡಿಯೋವನ್ನು ಆಗಲೇ ಮಗನಿಗೆ ಬಿಟ್ಟುಕೊಟ್ಟಿದ್ದೆ. ಮಾಸಿದ, ಹರಿದ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ತಿದ್ದುವ ಕೆಲಸವನ್ನು ಮಾತ್ರ ಹಿಂದಿನ ಕೋಣೆಯಲ್ಲಿ ನಾನೇ ಇಟ್ಟುಕೊಂಡಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಉಸ್ತಾದರೆಂದು ನಾವು ಕರೆಯುತ್ತಿದ್ದ ಹಳೆಯ ಫೋಟೋಗ್ರಾಫರೊಬ್ಬರ ಡಾರ್ಕ್‌ರೂಮಿನಲ್ಲಿ ಕೆಲಸ ಕಲಿತೆ. ಹಂಪಿಯ ಬಿಸಿಲಿನಲ್ಲಿ ಪ್ರವಾಸಿಗರ ಫೋಟೋ ತೆಗೆದು ಸ್ವಂತ ಅಂಗಡಿ ಹಾಕಿದೆ. ಈ ಜಿಲ್ಲೆಯಲ್ಲಿ ಹಳೆಯ ಫೋಟೋಕ್ಕೆ ಜೀವ ಕೊಡುವವರಲ್ಲಿ ನನ್ನ ಕೈ ಮುಂದೆ ಇದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೂ ಆ ಒಂದು ಮಧ್ಯಾಹ್ನ ಅದೇ ಕೈ ತಪ್ಪಿತ್ತು.

ಯಶವಂತನಗರದ ಗಣಿ ಕಾರ್ಮಿಕರ ಮನೆತನದ ಹುಡುಗಿ ಸುಜಾತಾ ಸಂಡೂರಿನಲ್ಲಿ ಉಪನ್ಯಾಸಕಿ. ಅವರ ಕೇರಿಯವರು ಹೊಸದಾಗಿ ಬುದ್ಧ ವಿಹಾರ ಕಟ್ಟಿಸಿದ್ದರು. ಅದರ ಗೋಡೆಗೆ ಅಜ್ಜ ಅಜ್ಜಿಯರ ಕಾಲದ ಒಂದು ಫೋಟೋವನ್ನು ದೊಡ್ಡದು ಮಾಡಿಸಿ, ಪ್ರತಿಯೊಬ್ಬರ ಹೆಸರು ಬರೆಸಬೇಕೆಂದು ತಂದಿದ್ದಳು. ಅದಿರಿನ ಗುಡ್ಡೆಯ ಮುಂದೆ ಹೆಂಗಸರು ಸಾಲಾಗಿ ಕುಳಿತಿದ್ದಾರೆ, ಗಂಡಸರು ಹಿಂದೆ ನಿಂತಿದ್ದಾರೆ. ಯಂತ್ರಗಳು ಬರುವ ಮುಂಚೆ ಕೈಯಿಂದ ಅಗೆದು, ಬುಟ್ಟಿಯಲ್ಲಿ ಹೊತ್ತವರು ಅವರೇ. ಮರುದಿನ ಬುದ್ಧ ಪೂರ್ಣಿಮೆಗೆ ಉದ್ಘಾಟನೆ. ಸಂಜೆಯೊಳಗೆ ಬೋರ್ಡ್ ಪ್ರಿಂಟಿಗೆ ಹೋಗಬೇಕಿತ್ತು.

ಹೆಸರುಗಳೆಲ್ಲ ಹೆಚ್ಚುಕಡಿಮೆ ಸಿಕ್ಕಿದ್ದವು. ತೊಡಕಾದದ್ದು ಬಲತುದಿಯಲ್ಲಿ ನಿಂತ ಒಬ್ಬನದು. ಅಂಗಿಯೂ ಸರಿಯಾಗಿಲ್ಲದವರ ನಡುವೆ ಅವನೊಬ್ಬ ಕರಿಕೋಟು ತೊಟ್ಟಿದ್ದ. ಪ್ರಿಂಟು ಆ ಕಡೆ ಮಾಸಿ, ಮುಖ ಬರೀ ಬೂದು ಬಣ್ಣವಾಗಿತ್ತು.

ಬಂಡ್ರಿಯ ಈರಮ್ಮ ಸುದ್ದಿ ಕೇಳಿ ನನ್ನ ಕೋಣೆಗೆ ಬಂದು, ಬೆಳಗಿನಿಂದ ಆ ಕೋಟಿನ ಮೇಲೆಯೇ ಬೆರಳಿಟ್ಟುಕೊಂಡು ಕುಳಿತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಅವಳಿನ್ನೂ ಹೊಟ್ಟೆಯಲ್ಲಿದ್ದಾಗಲೇ ಅಪ್ಪ ಹುಲುಗಪ್ಪ ಗಣಿಯಲ್ಲಿ ಮಣ್ಣು ಕುಸಿದು ಸತ್ತಿದ್ದ. ಮನೆಯಲ್ಲಿ ಅವನ ಒಂದು ಫೋಟೋ ಇರಲಿಲ್ಲ. ತಾಯಿ ಸಾಯುವವರೆಗೂ ಒಂದೇ ಮಾತು ಹೇಳಿದ್ದಳಂತೆ: ಕೂಲಿಯವರ ಫೋಟೋದಾಗ ನಿಮ್ಮಪ್ಪ ಕೋಟು ಹಾಕ್ಕಂಡು ನಿಂತಾನ.

ಅಷ್ಟರಲ್ಲಿ ಕಂಪ್ಲಿಯಿಂದ ತಿಪ್ಪೇಸ್ವಾಮಿ ಬಂದ. ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವನು. ಚೀಲದಿಂದ ಚೌಕಟ್ಟು ಹಾಕಿದ ಫೋಟೋ ತೆಗೆದು ಮೇಜಿನ ಮೇಲೆ ಕುಕ್ಕಿದ.

"ನೋಡ್ರಿ ಯಜಮಾನ್ರ, ನಮ್ಮ ತಾತ. ಇದಾ ಕೋಟು, ಇದಾ ಗುಂಡಿ. ಇನ್ನೇನು ಬೇಕ್ರಿ ನಿಮಗ?"

"ಕೋಟು ನಿಮ್ಮ ತಾತನೊಬ್ಬನ ಹತ್ರ ಇತ್ತೇನು?" ಎಂದಳು ಈರಮ್ಮ. "ನಮ್ಮವ್ವ ಸುಳ್ಳು ಹೇಳಿದ್ಲೇನು?"

"ನಿಮ್ಮವ್ವ ಹೇಳಿದ್ದು ನೀನೊಬ್ಬಾಕಿ ಕೇಳೀಯಲ್ಲವ್ವ. ನನ್ನ ಹತ್ರ ಫೋಟೋ ಐತಿ. ಬ್ಯಾರೆಯವರ ತಾತನ್ನ ಅಪ್ಪ ಅಂದ್ರ ಅಪ್ಪ ಆಗ್ತಾನೇನು?"

"ಏ, ಬಾಯಿ ಬಿಗಿಹಿಡಿದು ಮಾತಾಡು!"

ಸುಜಾತಾ ಇಬ್ಬರ ನಡುವೆ ನಿಂತಳು. "ಹಿಂಗ ಜಗಳಾದ್ರ ಗುರುತು ಸಿಕ್ಕಿಲ್ಲ ಅಂತ ಬರಸ್ತೀವಿ. ಯಾರ ಹೆಸರೂ ಬ್ಯಾಡ" ಎಂದಳು. ಈರಮ್ಮನ ಮುಖ ಒಮ್ಮೆಲೇ ಇಳಿದುಹೋಯಿತು.

ಆ ಚೌಕಟ್ಟನ್ನು ಕೈಗೆತ್ತಿಕೊಂಡ ಕೂಡಲೇ ನನಗೆ ಕೋಟಿನ ಗುರುತು ಹತ್ತಿತು. ಅದು ಯಾರ ತಾತನದೂ ಅಲ್ಲ, ನಮ್ಮ ಉಸ್ತಾದರ ಸ್ಟುಡಿಯೋದ್ದು. ಆ ಕಾಲದಲ್ಲಿ ಸ್ಟುಡಿಯೋದವರು ಗಿರಾಕಿಗಳಿಗೆಂದು ಒಂದು ಕೋಟು, ಒಂದು ರುಮಾಲು ಇಟ್ಟಿರುತ್ತಿದ್ದರು. ನಾನು ಕೆಲಸಕ್ಕೆ ಸೇರಿದಾಗಲೂ ಅದೇ ಕೋಟು ಗೂಟಕ್ಕೆ ನೇತಾಡುತ್ತಿತ್ತು. ಇಸ್ತ್ರಿ ಮಾಡುವುದು ನನ್ನ ಪಾಲಿನ ಕೆಲಸ. ಗುಂಪಿನ ಫೋಟೋಕ್ಕೆ ಊರಿಂದೂರಿಗೆ ಹೋದರೆ ಕೋಟೂ ಜೊತೆಗೆ ಬರುತ್ತಿತ್ತು. ತೊಡಲು ಎಲ್ಲರಿಗೂ ಆಸೆ. ಉಸ್ತಾದರು ಯಾವಾಗಲೂ ಎರಡು ಪ್ಲೇಟ್ ತೆಗೆಯುತ್ತಿದ್ದರು. ಪ್ಲೇಟ್ ಎಂದರೆ ಗಾಜಿನ ಮೇಲೆ ಔಷಧಿ ಬಳಿದ ನೆಗೆಟಿವ್. ಮೊದಲ ಪ್ಲೇಟಿಗೆ ಒಬ್ಬನಿಗೆ ಕೋಟು ಕೊಟ್ಟರೆ ಎರಡನೆಯದಕ್ಕೆ ಇನ್ನೊಬ್ಬನಿಗೆ. ಸಾಲು ಮಾತ್ರ ಕದಲುವಂತಿರಲಿಲ್ಲ.

ಉಸ್ತಾದರ ಪ್ಲೇಟುಗಳ ಪೆಟ್ಟಿಗೆಗಳೆಲ್ಲ ನನ್ನ ಅಟ್ಟದಲ್ಲಿದ್ದವು. ಹುಡುಕಿ ಇಳಿಸುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಸಂಡೂರು ಗಣಿ ಎಂದು ಬರೆದ ಪೊಟ್ಟಣದಲ್ಲಿ ಎರಡು ಪ್ಲೇಟ್ ಇದ್ದವು. ಮೊದಲನೆಯದನ್ನು ಅಡಿಯಿಂದ ಬೆಳಕು ಬರುವ ಲೈಟ್‌ಬಾಕ್ಸ್ ಮೇಲಿಟ್ಟು ಕ್ಯಾಮೆರಾದಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿದೆ. ಪ್ರಿಂಟು ಮಾಸಿದ್ದರೂ ಗಾಜು ಮಾಸಿರಲಿಲ್ಲ. ಕೋಟಿನವನ ಮುಖ ತೊಳೆದಿಟ್ಟಂತೆ ಬಂತು. ಚೌಕಟ್ಟಿನ ಫೋಟೋದಲ್ಲಿದ್ದ ಅದೇ ಸೀಳಿದ ಹುಬ್ಬು, ಅದೇ ಅಗಲ ಮೂಗು. ತಿಪ್ಪೇಸ್ವಾಮಿಯ ತಾತನೇ, ಅನುಮಾನವಿರಲಿಲ್ಲ.

ತಿಪ್ಪೇಸ್ವಾಮಿ ಗೆದ್ದೆ ಎಂದು ಕೂಗಲಿಲ್ಲ. ಈರಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಬಸ್ಸಿಗೆ ಹೊತ್ತಾತು" ಎಂದಳು.

"ಯಕ್ಕಾ, ಕುಂದ್ರು. ಇನ್ನೊಂದು ಐತಿ" ಎಂದೆ.

ಎರಡನೆಯ ಪ್ಲೇಟಿನ ಸ್ಥಿತಿ ಕೆಟ್ಟದಾಗಿತ್ತು. ತೇವ ಹತ್ತಿ ಸುತ್ತಿದ ಕಾಗದ ಎಮಲ್ಷನ್‌ಗೆ, ಅಂದರೆ ಚಿತ್ರವಿರುವ ತೆಳು ಪದರಕ್ಕೆ, ಅಂಟಿಬಿಟ್ಟಿತ್ತು. ಕಾಗದ ಇರುವಾಗ ಬೆಳಕು ಹಾಯಿಸಿದರೆ ಬರೀ ಮಸಿ. ನೀರು ಹಾಕಿದರೆ ಪದರ ಉಬ್ಬಿ ಜಾರುತ್ತದೆ. ಒಣಗಿದಂತೆಯೇ ಬಿಡಿಸಬೇಕು.

"ಬಿಡಿಸಿದ್ರ ಉಳೀಬೋದು, ಹೋಗಬೋದು. ಹೋದ್ರ ಮತ್ತ ಬರಂಗಿಲ್ಲ ನೋಡಕ್ಕಾ."

"ಈಗೇನೈತೋ ತಮ್ಮಾ ನನ್ನ ಹತ್ರ? ಇಲ್ಲದ್ದು ಎಲ್ಲಿಗೆ ಹೋಗ್ತೈತಿ? ಬಿಡಸು."

ಫ್ಯಾನ್ ನಿಲ್ಲಿಸಿದೆ. ತೆಳು ಬ್ಲೇಡನ್ನು ಕಾಗದದ ಅಡಿಗೆ ತೂರಿಸಿ ಕೂದಲೆಳೆಯಷ್ಟು ಎತ್ತುವುದು, ನಿಲ್ಲಿಸುವುದು, ಮತ್ತೆ ಎತ್ತುವುದು. ಬೆವರು ಗಾಜಿನ ಮೇಲೆ ಬೀಳಬಾರದೆಂದು ಸುಜಾತಾ ನನ್ನ ಹಣೆ ಒರೆಸುತ್ತಿದ್ದಳು. ಮುಕ್ಕಾಲು ಭಾಗ ಶುದ್ಧವಾಗಿ ಬಿಟ್ಟುಕೊಂಡಿತು. ಎಡಭಾಗಕ್ಕೆ ಬಂದಾಗ ಕಾಗದ ಬಿಗಿಯಾಯಿತು. ಉಸಿರು ಹಿಡಿದು ಎತ್ತಿದೆ. ಚಿರ್ ಎಂದಿತು. ಪದರದ ಒಂದು ಚೂರು ಕಾಗದದ ಜೊತೆಗೇ ಎದ್ದು, ಪುಡಿಯಾಗಿ ಮೇಜಿನ ಮೇಲೆ ಉದುರಿತು.

ಪರದೆಯ ಮೇಲೆ ಚಿತ್ರ ಬಂತು. ಕೋಟು ಈ ಸಲ ಎಡಗಡೆಯ ಒಬ್ಬನ ಮೈಮೇಲಿತ್ತು. ಆದರೆ ಕಾಲರಿನ ಮೇಲೆ ಮುಖವಿರಬೇಕಾದಲ್ಲಿ ಕರಿಯ ತೂತು. ಇಷ್ಟು ವರ್ಷ ಕತ್ತಲಲ್ಲಿ ಉಳಿದದ್ದು ನನ್ನ ಬ್ಲೇಡಿನ ತುದಿಯಲ್ಲಿ ಹೋಯಿತಲ್ಲ ಎಂದು ನಾನು ತಲೆ ಎತ್ತಲಿಲ್ಲ.

ಮೊದಲು ಮಾತಾಡಿದವನು ತಿಪ್ಪೇಸ್ವಾಮಿ. "ಈ ಹೆಣ್ಮಗಳ್ಯಾಕ ಹಿಂದಕ್ಕ ತಿರುಗ್ಯಾಳ್ರಿ?"

ಮುಂದಿನ ಸಾಲಿನ ಹೆಂಗಸರೆಲ್ಲ ಕ್ಯಾಮೆರಾ ನೋಡುತ್ತಿದ್ದರು. ಕೋಟಿನವನ ಮುಂದೆ ಕುಳಿತವಳೊಬ್ಬಳು ಮಾತ್ರ ಕತ್ತು ಹೊರಳಿಸಿ ಅವನನ್ನು ನೋಡುತ್ತಿದ್ದಳು. ಅಲುಗಾಡಿದ್ದಕ್ಕೆ ಅವಳ ಮುಖ ಕದಡಿತ್ತು. ಉಸ್ತಾದರು ಈ ಪ್ಲೇಟಿನಿಂದ ಯಾಕೆ ಪ್ರಿಂಟು ಹಾಕಿರಲಿಲ್ಲವೆಂದು ಆಗ ತಿಳಿಯಿತು.

"ಆ ಪ್ರಿಂಟಿನಾಗೂ ಅಲ್ಲಿ ಕುಂತಾಕಿ ನಮ್ಮವ್ವ" ಎಂದಳು ಈರಮ್ಮ.

"ಗಂಡ ಕೋಟು ಹಾಕ್ಕಂಡ್ರ ನೋಡದ ಇರ್ತಾಳೇನವ್ವ!" ಎಂದ ತಿಪ್ಪೇಸ್ವಾಮಿ. ಜಗಳಕ್ಕೆ ಬಂದವನ ದನಿ ಅದಾಗಿರಲಿಲ್ಲ.

ನಾನು ಕುರ್ಚಿಯಿಂದ ಜಿಗಿದಂತೆ ಮೌಸ್ ಹಿಡಿದೆ. ಸಾಲು ಕದಲಿಲ್ಲ ಎಂದರೆ ಮೊದಲ ಪ್ಲೇಟಿನಲ್ಲೂ ಹುಲುಗಪ್ಪ ಹೆಂಡತಿಯ ಹಿಂದೆಯೇ ನಿಂತಿರಬೇಕು. ತೆರೆದೆ. ಅಲ್ಲಿ ಬನಿಯನ್ ತೊಟ್ಟು, ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡ ಒಬ್ಬ ನಿಂತಿದ್ದ. ಅವನ ಕೆಳಗೆ ನಾವು ಗುರುತು ಸಿಕ್ಕಿಲ್ಲ ಎಂದು ಬರೆದಿಟ್ಟಿದ್ದೆವು. ಮುಖವನ್ನು ಪರದೆ ತುಂಬ ದೊಡ್ಡದು ಮಾಡಿದೆ. ಒಂದು ಗೀರೂ ಇರಲಿಲ್ಲ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

ಈರಮ್ಮ ಪರದೆಯ ಹತ್ತಿರ ಬಂದಳು. ಆ ಎಳೆ ಮೀಸೆಯ ಮೇಲೆ ಬೆರಳಿಟ್ಟಳು.

"ಇಷ್ಟು ಸಣ್ಣ ಹುಡುಗನೇನೋ ತಮ್ಮಾ ನಮ್ಮಪ್ಪ! ನನ್ನ ಮೊಮ್ಮಗ ಇವನಕಿಂತ ದೊಡ್ಡವ ಅದಾನ. ನಾ ಮುಂಜಾನಿಂದ ಒಬ್ಬ ಹಿರೇಮನುಷ್ಯಾನ ಹುಡುಕಾಕತ್ತಿದ್ದೆ."

ಬೋರ್ಡ್ ಸಂಜೆ ಪ್ರಿಂಟಿಗೆ ಹೋಯಿತು. ಇಬ್ಬರ ಹೆಸರೂ ಅವರವರ ಜಾಗದಲ್ಲಿ ಬಂದವು. ಈರಮ್ಮನಿಗೆ ಅವಳ ಅಪ್ಪನ ಮುಖವನ್ನು ಬೇರೆಯಾಗಿ ಪ್ರಿಂಟ್ ಹಾಕಿ ಕೊಟ್ಟೆ. ತಿಪ್ಪೇಸ್ವಾಮಿಯೇ ಅವಳನ್ನು ಬಂಡ್ರಿ ಬಸ್ಸಿಗೆ ಹತ್ತಿಸಿ ಹೋದ.

ಈರಮ್ಮನ ತಾಯಿ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅವಳು ಕಂಡದ್ದು ಎರಡನೆಯ ಪ್ಲೇಟಿನ ಗಳಿಗೆ, ನಾವು ಹುಡುಕಿದ್ದು ಮೊದಲನೆಯದರಲ್ಲಿ. ಆಮೇಲೆ ಈ ಕೆಲಸದಲ್ಲಿ ನನಗೊಂದು ಪದ್ಧತಿಯಾಗಿದೆ. ಯಾರಾದರೂ ಫೋಟೋದಲ್ಲಿ ಇಲ್ಲದ್ದನ್ನು ಇದೆ ಎಂದು ಹಟ ಹಿಡಿದರೆ, ವಯಸ್ಸಾದವರು ಮರೆತಿದ್ದಾರೆ ಎಂದುಕೊಳ್ಳುವ ಮೊದಲು ನಾನು ಏಣಿ ತಂದು ಅಟ್ಟ ಹತ್ತುತ್ತೇನೆ.