ಅಂಟಕ್ಕನೂ ಗಂಡನ ನಗೆಪುಟವೂ

ವಾರಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವಳನ್ನು ಅಂಟಕ್ಕ ಎಂದೇ ಕರೆಯುತ್ತಾರೆ. ಓದುಗರು ಯಾವ ಪುಟ ಓದುತ್ತಾರೆ, ಯಾವುದನ್ನು ಹಾರಿಸುತ್ತಾರೆ ಎಂದು ಪತ್ತೆ ಹಚ್ಚುವುದು ಅವಳ ಕೆಲಸ. ಬಾಯಿಬಿಟ್ಟು ಕೇಳಿದರೆ ಯಾರು ನಿಜ ಹೇಳುತ್ತಾರೆ? "ಸಂಪಾದಕೀಯ ಮಾತ್ರ ತಪ್ಪಿಸೋದೇ ಇಲ್ಲಮ್ಮ" ಎಂದು ಎದೆ ತಟ್ಟಿಕೊಳ್ಳುವವರ ಮನೆಯಲ್ಲಿ ವಾರಭವಿಷ್ಯದ ಪುಟವೊಂದೇ ಸವೆದಿರುತ್ತದೆ. ಆದ್ದರಿಂದ ಅವಳು ಬಾಯಿಮಾತಿನ ಗೊಡವೆಗೇ ಹೋಗುವುದಿಲ್ಲ. ಎದುರುಬದುರು ಪುಟಗಳ ನಡುವೆ ಸಾಸಿವೆಯಷ್ಟು ಅಂಟು ಇಟ್ಟು, ಆ ಪ್ರತಿಗಳನ್ನು ಆಯ್ದ ಮನೆಗಳಿಗೆ ಕಳಿಸುತ್ತಾಳೆ. ವಾರ ಕಳೆದ ಮೇಲೆ ವಾಪಸ್ ತರಿಸಿ ನೋಡುತ್ತಾಳೆ. ಅಂಟು ಬಿಟ್ಟಿದ್ದರೆ ಪುಟ ತೆರೆದಿದ್ದಾರೆ, ಬಿಡದಿದ್ದರೆ ಇಲ್ಲ.

ಹೀಗೆ ಎಂಥೆಂಥ ಘಟಾನುಘಟಿಗಳ ಅಂಕಣಗಳಿಗೆ ಅವಳು ಮಂಗಳ ಹಾಡಿಸಿದ್ದಾಳೋ! ಆದರೆ ಈ ಸಲ ಸಂಪಾದಕರು ಹೇಳಿದ ಪುಟ ಕೇಳಿ ಅವಳು ಕೈಯಲ್ಲಿದ್ದ ಅಂಟಿನ ಡಬ್ಬಿಯನ್ನು ಅಲ್ಲೇ ಕೆಳಗಿಟ್ಟಳು. ಅದು ಅವಳ ಗಂಡ ಬರೆಯುವ ನಗೆಪುಟ. ಅರ್ಧದಷ್ಟು ಮನೆಗಳಾದರೂ ತೆರೆಯದಿದ್ದರೆ ಅದನ್ನು ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮೂಗಿನ ಅಳತೆ ತೆಗೆಯುವ ಆ ಮನುಷ್ಯನಿಗೆ ಆ ಪುಟವೆಂದರೆ ಪ್ರಾಣ.

"ನನ್ನ ಪುಟಕ್ಕೆ ಸ್ವಲ್ಪ ನೀರು ಬೆರೆಸಿದ ಅಂಟು ಹಚ್ಚಿಬಿಡೇ, ತಾನಾಗೇ ಬಿಟ್ಕೊಳ್ಳತ್ತೆ. ಯಾರಿಗೆ ಗೊತ್ತಾಗತ್ತೆ?" ಎಂದು ಅವನು ಗೋಗರೆದ.

"ಊರಿಗೊಂದು ನ್ಯಾಯ, ನಿಮಗೊಂದು ನ್ಯಾಯಾನಾ? ಅದೆಲ್ಲ ಆಗಲ್ಲ ರೀ."

ಅವನು ಮುಖ ಊದಿಸಿಕೊಂಡ. ಎರಡು ದಿನ ಮನೆಯಲ್ಲಿ ಬರೀ ತಟ್ಟೆ ಲೋಟಗಳದ್ದೇ ಮಾತು.

ಪ್ರತಿಗಳು ವಾಪಸ್ ಬಂದ ದಿನ ಅವಳು ಮೊದಲು ನಗೆಪುಟವನ್ನೇ ಹುಡುಕಿದಳು. ಒಂದು ತೆರೆದಳು, ಅಂಟು ಬಿಟ್ಟಿತ್ತು. ಇನ್ನೊಂದು, ಅದೂ ಬಿಟ್ಟಿತ್ತು. ಮತ್ತೊಂದರಲ್ಲಿ ನಗೆಪುಟದ ಮೇಲೆ ಯಾರದೋ ಕಾಫಿ ಲೋಟದ ಗುರುತು. ಅಲ್ಲೊಂದು ಇಲ್ಲೊಂದು ಬಿಟ್ಟರೆ ಎಲ್ಲ ಮನೆಗಳಲ್ಲೂ ಓದಿದ್ದರು. ಅವಳು ಮನೆಯ ಮೆಟ್ಟಿಲು ಹತ್ತುತ್ತಲೇ "ಗೆದ್ರಿ ರೀ!" ಎಂದು ಕೂಗಿದಳು.

ಗಂಡನ ಮುಖ ಅರಳಿತು. ಆದರೂ ಮನೆಗೆ ಬರುವ ಪ್ರತಿಯನ್ನು ತಂದು ಅವಳ ಮುಂದಿಟ್ಟ. "ಇದನ್ನೂ ಒಂಚೂರು ನೋಡ್ಬಿಡು."

ನಗೆಪುಟ ಬಿಗಿಯಾಗಿ ಅಂಟಿಕೊಂಡೇ ಇತ್ತು. ಪತ್ರಿಕೆ ಬಂದ ದಿನವೇ ಅವನು ಅವಳ ಅಂಟಿನ ಡಬ್ಬಿಯಿಂದ ಒಂದು ತೊಟ್ಟು ತೆಗೆದು ಆ ಪುಟಕ್ಕೆ ಇಟ್ಟಿದ್ದ.

"ನಿನ್ನೆ ಕೂಡ 'ಈ ವಾರದ್ದು ಚೆನ್ನಾಗಿತ್ತು ರೀ' ಅಂದ್ಯಲ್ಲೇ!"

ಅಂಟಕ್ಕ ನಾಲಿಗೆ ಕಚ್ಚಿಕೊಂಡಳು. ಮೂರು ಹೊತ್ತೂ ಮನೆಯಲ್ಲಿ ಕೇಳುವುದನ್ನೇ ಮತ್ತೆ ಓದುವುದೇನು ಎಂಬ ಉದಾಸೀನ ಅವಳದ್ದು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ? ಅವಳಿಗೆ ನಿಜಕ್ಕೂ ನಾಚಿಕೆಯಾಯಿತು. "ತಪ್ಪಾಯ್ತು ರೀ" ಎಂದವಳೇ ಚೀಲವನ್ನೂ ಕೆಳಗಿಡದೆ ನೆಲದ ಮೇಲೆ ಕುಳಿತು, ಉಗುರಿನಿಂದ ಪುಟ ಬಿಡಿಸಿ ಓದತೊಡಗಿದಳು. ಗಂಡ ಅವಳ ಮುಖವನ್ನೇ ನೋಡುತ್ತಿದ್ದ. ಅರ್ಧಕ್ಕೆ ಬರುವಷ್ಟರಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಎಲ್ಲಿ, ಎಲ್ಲಿ? ಯಾವ ಸಾಲಿಗೆ ನಗ್ತಿದ್ದೀಯ ತೋರಿಸು" ಎಂದು ಅವನು ಓಡಿಬಂದು ಪಕ್ಕದಲ್ಲೇ ಕುಳಿತ.