ನಾನು ಉಜ್ಜಿದ ಗಡಿಗೆ ಚೂರು

ನಮ್ಮ ಅಕ್ಕೋಳದಲ್ಲಿ ಹಳೆಯ ಮನೆ ಕೆಡವಿದರೆ ಇಟ್ಟಿಗೆ ಚೆಲ್ಲುವುದಿಲ್ಲ. ತಂತಿ ಬ್ರಷ್ಷಿನಿಂದ ಮಣ್ಣು ಉಜ್ಜಿ ತೆಗೆದು ಮತ್ತೆ ಕಟ್ಟುತ್ತೇವೆ. ಐದನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಮೊದಲು ಕಲಿತದ್ದು ಅದನ್ನೇ. ನಾನು ಉಜ್ಜಿದ ಇಟ್ಟಿಗೆ ಹೊಸದರಂತೆ ಹೊಳೆಯುತ್ತದೆ ಎಂದು ಗೋಡೆ ಕಟ್ಟುವ ನಿಪ್ಪಾಣಿಯ ಗೌಂಡಿಗಳೂ ಒಪ್ಪುತ್ತಾರೆ.

ಗೌಂಡಿ ಕೆಲಸಕ್ಕೆಂದೇ ಇಸ್ರೇಲಿಗೆ ಹೋದೆ. ಏಕಸಂಬಿಯ ಗೆಳೆಯ ಜೊತೆಗಿದ್ದ, ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಪಾಯ ತೋಡುವಾಗ ಹಳೆಯ ಗೋಡೆ ಸಿಕ್ಕು ಕಟ್ಟಡದ ಕೆಲಸ ನಿಂತಿತು. ಬೈಬಲ್ ಕಾಲದ ಊರುಗಳನ್ನು ಅಗೆದು ತಿಳಿಯುವ ಪಂಡಿತರು ಬಂದರು. ಅವರಿಗೆ ಹಿರಿಯರು ಒಬ್ಬ ಬಿಳಿಗೂದಲಿನ ಹೆಂಗಸು. ನಾವು ಗಾರೆ ಬಳಿಯುವ ಕರಣಿಯಂಥದೇ ಕರಣಿ ಹಿಡಿದು, ದಿನವಿಡೀ ಮೊಣಕಾಲೂರಿ ಮಣ್ಣು ಕೆರೆಯುತ್ತಿದ್ದರು. ಶಾಲೆಯ ಶಿಕ್ಷಕಿಯ ನೆನಪಾಗಿ ನಾವು ಅವರನ್ನು ಅಕ್ಕೋರು ಎಂದೇ ಕರೆದೆವು.

ಮಣ್ಣು ಹೊರಲು ನಮ್ಮನ್ನೇ ಇಟ್ಟುಕೊಂಡರು. ಒಂದು ಮಧ್ಯಾಹ್ನ, ಯಾರೂ ಹೇಳದಿದ್ದರೂ, ಬಕೆಟ್ಟಿನಲ್ಲಿದ್ದ ಗಡಿಗೆ ಚೂರುಗಳನ್ನು ಬ್ರಷ್ಷಿನಿಂದ ಉಜ್ಜಲು ಕುಳಿತೆ. ಅಕ್ಕೋರು ಓಡಿಬಂದು ನನ್ನ ಮಣಿಕಟ್ಟು ಹಿಡಿದರು. ಅವರ ಮಾತು ಕೇಳಿ ನನಗೆ ತಿಳಿಸುವಾಗ ಗೆಳೆಯನ ಮುಖ ಇಳಿದಿತ್ತು.

"ಉಜ್ಜಬ್ಯಾಡೋ ಮಾರಾಯಾ. ಆಗಿನ ಮಂದಿ ಗಡಗಿ ಚೂರಿನ ಮ್ಯಾಲ ಶಾಯಿಲೆ ಚೀಟಿ ಬರೀತಿದ್ರಂತ. ಬರೇ ನೀರಾಗ ಅದ್ದಿ ನೋಡಬೇಕಂತ."

ನನ್ನ ಕೈಯಲ್ಲಿದ್ದ ಚೂರು ಅರ್ಧ ಉಜ್ಜಿಯಾಗಿತ್ತು. ಅದರ ಮೇಲೆ ಬರಹವಿತ್ತೇ? ನಾನೇ ಅಳಿಸಿಬಿಟ್ಟೆನೇ?

ಅಕ್ಕೋರು ಅದನ್ನು ನೀರಿನಲ್ಲಿ ಅದ್ದಿ ಬಿಸಿಲಿಗೆ ಓರೆಯಾಗಿ ಹಿಡಿದರು. ಉಜ್ಜದ ಅರ್ಧದಲ್ಲಿ ಇರುವೆ ಸಾಲಿನಂತೆ ಕಪ್ಪು ಗೆರೆಗಳು ಎದ್ದವು. ಅವರು ಮೆಲ್ಲಗೆ ತುಟಿಯಾಡಿಸಿ ಓದಿದರು. ಎರಡೂವರೆ ಸಾವಿರ ವರ್ಷ ಮಣ್ಣಲ್ಲಿದ್ದ ಮಾತು, ನಿನ್ನೆ ಬಂದ ಕಾಗದದ ಹಾಗೆ! ಚೀಟಿ ಹಿಡಿದು ಬಂದವನ ಕೈಯಲ್ಲಿ ಎಣ್ಣೆ ಕಳಿಸು ಎಂದಷ್ಟೇ ಇತ್ತಂತೆ. ಯಾರಿಗೆ ಎಂಬುದು ನಾನು ಉಜ್ಜಿದ ಅರ್ಧದಲ್ಲಿ ಹೋಗಿತ್ತು.

ಕೆಲಸದಿಂದ ತೆಗೆಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಕೆಲಸದ ವಿಷಯದಲ್ಲಿ ಅದುವರೆಗೆ ಯಾರ ಮುಂದೆಯೂ ಹಾಗೆ ನಿಂತವನಲ್ಲ. ಅಕ್ಕೋರು ಆ ಚೂರನ್ನು ನನ್ನ ಅಂಗೈ ಮೇಲಿಟ್ಟು ಗೆಳೆಯನಿಗೆ ಏನೋ ಹೇಳಿದರು.

"ನಾಳಿಂದ ಅದ್ದೂ ಕೆಲಸ ನಿಂದ ಅಂತ. ಇಷ್ಟ ಅಂಜಿದಾವ ಮತ್ತ ಉಜ್ಜೂದಿಲ್ಲಂತ."

ಊರಿಗೆ ಮರಳುವ ದಿನದ ತನಕ ಚೂರುಗಳನ್ನು ಅದ್ದಿದೆ. ಒಂದರ ಮೇಲೂ ಬ್ರಷ್ ಇಡಲಿಲ್ಲ.

ಈಗ ನಮ್ಮ ಕಡೆಯ ಭೋಜ ಊರಿನಲ್ಲಿ ಪಾಯ ತೋಡುವಾಗಲೂ ಚೂರು ಸಿಕ್ಕರೆ ಬಕೆಟ್ಟಿನಲ್ಲಿ ಅದ್ದಿ ಬಿಸಿಲಿಗೆ ಹಿಡಿಯುತ್ತೇನೆ. ಜೊತೆಗಾರರು ಚೇಷ್ಟೆ ಮಾಡದೆ ಬಿಡುವುದಿಲ್ಲ. "ಏನ್ ಬರದಾರ್ರಿ ಮಾಮಾ, ಎಣ್ಣಿ ಯಾರಿಗಿ ಕಳಸಬೇಕಂತ?"

ನಗಲಿ. ನೀರು ಆರುವ ತನಕ ನಾನು ಚೂರನ್ನು ಕೆಳಗಿಡುವುದಿಲ್ಲ.