ಅಂಗಳದಲ್ಲಿ ಕೂಸು, ಮಹಡಿಯಲ್ಲಿ ಅಜ್ಜಿ

ಗೆಳೆಯರೇ, ನಮ್ಮ ಪಕ್ಕದ ಮನೆಯ ಚಾಂದಬಿ ಖಾಲಾ ಮೆಕ್ಕಾದ ಉಮ್ರಾ ಯಾತ್ರೆ ಮುಗಿಸಿ ಇಂದು ಬಸವಕಲ್ಯಾಣಕ್ಕೆ ಬಂದರು. ಅವರು ದೂರವಿದ್ದಾಗ ಹುಟ್ಟಿದ ಮೊಮ್ಮಗಳನ್ನು ಸೊಸೆ ಎತ್ತಿಕೊಂಡು ಬಂದರೆ, ಖಾಲಾ ಹಿಂದೆ ಸರಿದರು.

"ಹತ್ರ ತರಬ್ಯಾಡ. ವಿಮಾನದಾಗ ಬಾಜೂಕ ಕುಂತಾಕಿ ದಾರಿ ತುಂಬ ಕೆಮ್ಮಿದಳು. ನನಗೂ ಜ್ವರ ಬಂದದ."

"ಇಷ್ಟ್ಯಾಕ ಅಂಜತೀರಿ ಖಾಲಾ?" ಎಂದೆ.

"ಆ ಕೂಸಿಗಿ ಇನ್ನಾ ಅಂಜಾಕ ಬರಂಗಿಲ್ಲ. ಅದರ ಪಾಲಿಂದೂ ನಾನೇ ಅಂಜಾಕತ್ತೇನಿ."

ಮಹಡಿಯ ಕೋಣೆ ಸೇರಿದವರು ಮಧ್ಯಾಹ್ನವೆಲ್ಲ ಕಿಟಕಿಯಲ್ಲೇ ಕುಳಿತಿದ್ದರು. ಕೆಳಗೆ ಬೇವಿನ ನೆರಳಲ್ಲಿ ಕೂಸು ಮಲಗಿತ್ತು. ಖಾಲಾ ಕಣ್ಣು ಅರೆಮುಚ್ಚಿ, ಗಾಳಿಯಲ್ಲೇ ಬೆರಳಾಡಿಸಿ ಅದರ ಹಣೆ, ಮೂಗು, ಗಲ್ಲ ಸವರುತ್ತಿದ್ದರು. ಓಣಿಯೇ ನಿದ್ದೆಯಲ್ಲಿದ್ದಂತಿತ್ತು.

ಅಷ್ಟರಲ್ಲಿ ಕೂಸು ಸೀನಿತು.

"ಕೂಸಿಗಿ ಒಳಗ ಒಯ್ರಿ, ಅದರ ನೆಗಡಿ ನನಗ ಹತ್ತೀತು!" ಎಂದು ಖಾಲಾ ಮೇಲಿಂದ ನಕ್ಕರು.

ಅಜ್ಜಿ ಮೊಮ್ಮಗಳ ಮೊದಲ ಮಾತುಕತೆ ಹೀಗೆ ನಡೆಯಿತು.